ಸ್ಪ್ರೆಡಿಂಗ್ ಕೋಡ್ ಕಲಿಯೋರಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ತಗೋಬಹುದಾ?

ತಗೊಳ್ಳಿ. ಇದು ಹಿಡಿದ ರೇಡಿಯೋ ಸಿಗ್ನಲನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಕೊಡುವ ಪುಟ್ಟ ರಿಸೀವರ್. ಆದರೆ ಆಂಟೆನಾಗೆ ಕರೆಂಟ್ ಕೊಡುವ ಬಯಾಸ್-ಟೀ ಇರುವ ಮಾಡೆಲನ್ನೇ ತಗೊಳ್ಳಿ. ತುಮಕೂರಿನಲ್ಲಿ ಸಿಡಿಎಂಎ (ಒಂದೊಂದು ಸಿಗ್ನಲ್‌ಗೂ ಬೇರೆ ಸ್ಪ್ರೆಡಿಂಗ್ ಕೋಡ್, ಅಂದರೆ ಗುರುತಿನ ಬಿಟ್ ಸಾಲು, ಕೊಟ್ಟು ಒಂದೇ ಫ್ರೀಕ್ವೆನ್ಸಿ ಹಂಚಿಕೊಳ್ಳುವ ವಿಧಾನ) ಮೇಲೆ ಪ್ರಾಜೆಕ್ಟ್ ಮಾಡುವ ಇಸಿ (ಎಲೆಕ್ಟ್ರಾನಿಕ್ಸ್) ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಡಾಂಗಲ್ ಜೊತೆ ಬರುವ ಕಡ್ಡಿ ಆಂಟೆನಾ ಎಫ್‌ಎಂಗೆ ಸರಿ, ಜಿಪಿಎಸ್‌ಗೆ ಉಪಯೋಗವಿಲ್ಲ. ಕಾರಿಗೆ ಹಾಕುವ ಆಕ್ಟಿವ್ (ಒಳಗೇ ಆಂಪ್ಲಿಫೈಯರ್ ಇದ್ದು ಕರೆಂಟ್ ಬೇಡುವ) ಜಿಪಿಎಸ್ ಆಂಟೆನಾ ಬೇರೆ ತರಿಸಬೇಕು. ಅದನ್ನು ಮನೆ ತಾರಸಿ ಮೇಲೆ, ನೀರಿನ ಟ್ಯಾಂಕ್‌ನಿಂದ ದೂರ ಇಟ್ಟು, 1575.42 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿದೆ. ಪರದೆ ಮೇಲೆ ಏನೂ ಕಾಣುವುದಿಲ್ಲ, ಬರೀ ನಾಯ್ಸ್. ಕೆಟ್ಟಿದೆ ಅಂತ ಸುಮ್ನೆ ವಾಪಸ್ ಕಳಿಸಬೇಡಿ. ಸಿಗ್ನಲ್ ಆ ನಾಯ್ಸ್‌ಗಿಂತ ಕೆಳಗೇ ಇರುತ್ತದೆ.

ಇಲ್ಲಿಂದ ಮುಂದೆಯೇ ಮಜಾ. ಜಿಪಿಎಸ್ ಉಪಗ್ರಹಗಳೆಲ್ಲ ಈ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೇ ಕಳಿಸುತ್ತಿರುತ್ತವೆ, ಅವನ್ನು ಬೇರೆ ಮಾಡುವುದು ಒಂದೊಂದಕ್ಕೂ ಕೊಟ್ಟಿರುವ 1023 ಚಿಪ್‌ನ (ಚಿಪ್ ಅಂದರೆ ಕೋಡ್‌ನ ಒಂದು ಬಿಟ್) ಗೋಲ್ಡ್ ಕೋಡ್. ಹತ್ತು ಹಂತದ ಎರಡು ಶಿಫ್ಟ್ ರಿಜಿಸ್ಟರ್ (ಬಿಟ್‌ಗಳನ್ನು ಒಂದೊಂದೇ ಹೆಜ್ಜೆ ಮುಂದೆ ತಳ್ಳುವ ಸಾಲು) ಸಾಕು, ಪೈಥಾನ್‌ನಲ್ಲಿ ನೀವೇ ಬರೆಯಬಹುದು. 1ನೇ ನಂಬರಿನ ಉಪಗ್ರಹದ ಕೋಡ್ 1100100000 ಅಂತ ಶುರುವಾದರೆ ಸರಿಯಾಗಿದೆ ಅಂತ ಅರ್ಥ. ರೆಕಾರ್ಡ್ ಮಾಡಿದ್ದರ ಜೊತೆ ಅದನ್ನು ಕೋರಿಲೇಟ್ ಮಾಡಿ (ಚಿಪ್‌ಗೆ ಚಿಪ್ ಗುಣಿಸಿ ಕೂಡಿಸಿ, ಎಷ್ಟು ಹೊಂದುತ್ತದೆ ನೋಡಿ), ಡಾಪ್ಲರ್‌ಗೆ (ಉಪಗ್ರಹ ಓಡುವುದರಿಂದ ಫ್ರೀಕ್ವೆನ್ಸಿಯಲ್ಲಿ ಬರುವ ವ್ಯತ್ಯಾಸ) ಆಚೆ ಈಚೆ 5 ಕಿಲೋಹರ್ಟ್ಸ್ ಹುಡುಕಿ, ಕೆಲವು ಮಿಲಿಸೆಕೆಂಡ್‌ಗಳ ಫಲಿತಾಂಶ ಕೂಡಿಸಿದರೆ, ಆ ಉಪಗ್ರಹ ತಲೆ ಮೇಲಿದ್ದಾಗ ನಾಯ್ಸ್ ಒಳಗಿಂದ ಒಂದು ಚೂಪಾದ ಶಿಖರ ಏಳುತ್ತದೆ. ಪುಸ್ತಕದಲ್ಲಿ ಎಷ್ಟು ಓದಿದರೂ ಈ ಖುಷಿ ಸಿಗುವುದಿಲ್ಲ.

ಗೋಲ್ಡ್ ಬದಲು ವಾಲ್ಶ್ ಅನ್ನುವ ಇನ್ನೊಂದು ಬಗೆಯ ಕೋಡ್ ಯಾಕಲ್ಲ ಅನ್ನೋದೂ ಆಗಲೇ ತಿಳಿಯುತ್ತದೆ. ಹಳೇ ಸಿಡಿಎಂಎ ಫೋನ್‌ಗಳ ಐಎಸ್-95 ಮಾನದಂಡದಲ್ಲಿ ಟವರ್ ಕಡೆಯಿಂದ 64 ಚಿಪ್‌ನ ವಾಲ್ಶ್ ಕೋಡ್ ಇತ್ತು. ಒಂದೇ ಟವರ್‌ನಿಂದ ಹೊರಡುವುದರಿಂದ ಎಲ್ಲ ಒಂದೇ ತಾಳದಲ್ಲಿರುತ್ತವೆ, ಒಂದರ ಜೊತೆ ಇನ್ನೊಂದರ ಕೋರಿಲೇಶನ್ ಸೊನ್ನೆ. ಒಂದು ಕೋಡ್ ಇನ್ನೊಂದಕ್ಕಿಂತ ಒಂದು ಚಿಪ್‌ನಷ್ಟು ಹಿಂದೆ ಮುಂದೆ ಜಾರಿದರೆ ಆ ಸೊನ್ನೆಗೆ ಗ್ಯಾರಂಟಿ ಇಲ್ಲ. ಉಪಗ್ರಹಗಳು ಬೇರೆ ಬೇರೆ ದೂರದಲ್ಲಿ ಇರ್ತವೆ ಅಲ್ವಾ? ಅವುಗಳ ಸಿಗ್ನಲ್ ಒಂದೇ ತಾಳದಲ್ಲಿ ಬರಲ್ಲ, ಅದಕ್ಕೇ ಗೋಲ್ಡ್. ಅದರಲ್ಲಿ ಸೊನ್ನೆ ಇಲ್ಲ, ಆದರೆ ಎಷ್ಟೇ ಜಾರಿದರೂ ಎರಡು ಕೋಡ್‌ಗಳ ಮಧ್ಯೆ ಬರುವುದು -65, -1, 63 ಈ ಮೂರೇ ಬೆಲೆ. ತನ್ನದೇ ಕೋಡ್ ಸರಿಯಾಗಿ ಹೊಂದಿದಾಗ ಬರುವ ಶಿಖರ 1023.

ಕೊರತೆ ಒಂದಿದೆ, ದೊಡ್ಡದೇ. ಈ ಡಾಂಗಲ್ ಕೇಳುತ್ತದೆ, ಕಳಿಸುವುದಿಲ್ಲ. ಅಡಚಣೆಯೇ ಇಲ್ಲದ ಕೋಡ್ ನಾನೇ ವಿನ್ಯಾಸ ಮಾಡ್ತೀನಿ ಅನ್ನುವವರಿಗೆ ಇದೊಂದೇ ಸಾಲದು. ಸ್ವಲ್ಪ ಜಾರಿದರೂ ಸೊನ್ನೆಯೇ ಉಳಿಯುವಂತೆ ಮಾಡಿದ ಕೋಡ್‌ಗಳಿವೆ, ಆದರೆ ಪುಕ್ಕಟೆ ಅಲ್ಲ: 64 ಚಿಪ್ ಉದ್ದದಲ್ಲಿ, ಸೊನ್ನೆಯಿಂದ ಏಳು ಚಿಪ್‌ವರೆಗೆ ಎಷ್ಟು ಜಾರಿದರೂ ಅಡಚಣೆ ಬರಬಾರದು ಅಂದರೆ 8 ಬಳಕೆದಾರರಿಗಿಂತ ಜಾಸ್ತಿ ಹಿಡಿಸುವುದಿಲ್ಲ. ಇದನ್ನು ಮೊದಲು ಆಕ್ಟೇವ್ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಿ ನೋಡಿ. ಆಮೇಲೆ ಕಾಲೇಜು ಲ್ಯಾಬ್‌ನಲ್ಲಿ ಕಳಿಸುವ ಬೋರ್ಡ್ ಇದ್ದರೆ, ಆಂಟೆನಾ ಹಾಕದೆ, ಕೇಬಲ್ ಮತ್ತು ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಮೂಲಕ ಈ ಡಾಂಗಲ್‌ಗೇ ಕೊಡಿ. ತುಂಬ ಹೊತ್ತು ಓಡಿಸಿದರೆ ಡಾಂಗಲ್ ಚೆನ್ನಾಗಿ ಬಿಸಿಯಾಗುತ್ತದೆ, ಲ್ಯಾಪ್‌ಟಾಪ್‌ಗೆ ನೇರ ಸಿಕ್ಕಿಸಬೇಡಿ, ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಇಟ್ಟುಕೊಳ್ಳಿ.