ಹೋಸ್ ಪೈಪು, ಬಾಟಲಿ, ನಿಂಬೆ ಉಪ್ಪು, ಜೆ.ಸಿ. ರೋಡು: ನನ್ನ ರೇಡಿಯೇಟರ್ ಯಾವುದಕ್ಕೆ ಬಗ್ಗಿತು?

ಏಪ್ರಿಲ್ ಮಧ್ಯಾಹ್ನ, ಹೆಬ್ಬಾಳ ಫ್ಲೈಓವರ್, ಮುಂದೆ ಬಿಎಂಟಿಸಿ ಬಸ್ಸು. ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮೇಲೆ ಹತ್ತತೊಡಗಿತು. ಎಸಿ ಆಫ್ ಮಾಡಿ ಹೀಟರ್ ಫುಲ್ ಇಟ್ಟೆ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರೇ ಅಲ್ವಾ, ಇಂಜಿನ್ ಬಿಸಿಯನ್ನು ತಂದು ನಮ್ಮ ಮೇಲೆ ಸುರಿಯುತ್ತದೆ. ಮುಳ್ಳು ಇಳಿಯಿತು. ಹೆಂಡತಿ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ತಪ್ಪು ನನ್ನದೇ. ಗಾಡಿ ಹದಿಮೂರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕೂಲಂಟ್, ಅಂದರೆ ಇಂಜಿನ್ ಬಿಸಿಯನ್ನು ರೇಡಿಯೇಟರಿಗೆ ಹೊತ್ತೊಯ್ಯುವ ದ್ರವ, ಕಮ್ಮಿಯಾದಾಗೆಲ್ಲ ಮನೆಯ ಬೋರ್‌ವೆಲ್ ನೀರು ಸುರಿದಿದ್ದೆ. ಅದೇ ನೀರು ಗೀಸರ್ ಕಾಯಿಲ್ ಮೇಲೆ ಬಿಳಿ ಚಿಪ್ಪು ಕಟ್ಟುವುದನ್ನು ನೋಡಿಯೂ ಬುದ್ಧಿ ಬಂದಿರಲಿಲ್ಲ. ಸಾಲದ್ದಕ್ಕೆ ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದನ್ನು ತಡೆದು ಹಿಡಿಯುವುದು ಕೂಲಂಟು ಮತ್ತು ರೇಡಿಯೇಟರಿನ ಕ್ಯಾಪು ಕೊಡುವ ಪ್ರೆಶರ್.

ಕೈ ಹಾಕುವ ಮುಂಚೆ, ಕಟ್ಟಿಕೊಂಡಿರುವುದು ಒಳಗೋ ಹೊರಗೋ ನೋಡಬೇಕು. ಸಿಗ್ನಲ್‌ನಲ್ಲಿ ಮಾತ್ರ ಬಿಸಿಯಾಗಿ ಓಡುವಾಗ ಸರಿಹೋದರೆ ಮೊದಲ ಅನುಮಾನ ಫ್ಯಾನ್ ಮೇಲೆ, ಗಾಳಿ ದಾರಿಯ ಮೇಲೆ. ಏರು ಹತ್ತುವಾಗ, ಹೈವೇಯಲ್ಲಿ ಬಿಸಿಯಾದರೆ ಒಳಗೆ ನೀರು ಸರಿಯಾಗಿ ಹರಿಯುತ್ತಿಲ್ಲ ಅಂತ. ನನ್ನದು ಎರಡೂ ಕಡೆ ಕೈಕೊಡುತ್ತಿತ್ತು. ಫ್ಯಾನ್ ತಿರುಗುತ್ತಿತ್ತು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿರಲಿಲ್ಲ, ಹಾಗಾಗಿ ಆಯಿಲ್‌ಗೆ ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಬಗ್ಗೆ ಸ್ವಲ್ಪ ನೆಮ್ಮದಿ.

ಗೆಳೆಯನ ವರ್ಕ್‌ಶಾಪಿನಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕಾಗದು, ಅದು ಮೈಬಿಸಿಯಷ್ಟೇ ಅಳೆಯುತ್ತದೆ. ಗಾಡಿಯನ್ನು ಒಂದು ಸುತ್ತು ಓಡಿಸಿ, ಇಂಜಿನ್ ಆಫ್ ಮಾಡಿ, ರೇಡಿಯೇಟರಿನ ಹಿಂಬದಿಯಿಂದ ನೋಡಿದೆ. ಮುಂಬದಿಯಲ್ಲಿ ಎಸಿ ಕಂಡೆನ್ಸರ್ ಅಡ್ಡ ಇರುತ್ತದೆ. ಅಂಚಿನಲ್ಲಿ 84 ಡಿಗ್ರಿ. ನಡುವೆ ಒಂದು ಪಟ್ಟಿ ಮಾತ್ರ 58. ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವು, ಮುಚ್ಚಿಕೊಂಡೇ ಸಿಕ್ಕಿಕೊಂಡಿದ್ದರೆ ಇಡೀ ರೇಡಿಯೇಟರೇ ತಣ್ಣಗಿರುತ್ತಿತ್ತು. ಹೀಗೆ ಪಟ್ಟಿಯಾಗಿ ತಣ್ಣಗಿದ್ದರೆ ಅಲ್ಲಿನ ಟ್ಯೂಬು ಮುಚ್ಚಿದೆ ಅಂತ ಅರ್ಥ.

ಮೊದಲು ಹೋಸ್ ಪೈಪು. ತಣ್ಣಗಿದ್ದಾಗ ಇಂಜಿನ್ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಉಲ್ಟಾ, ಮೆಲ್ಲಗೆ ನೀರು ಬಿಟ್ಟೆ. ಕೆಂಪು ಧೂಳು, ಒಣಗಿದ ಹೊಂಗೆ ಹೂವು, ಚಿಟ್ಟೆ ರೆಕ್ಕೆ, ಒಂದು ಪಾನ್ ಮಸಾಲ ಪೊಟ್ಟಣ. ಜೋರು ಪ್ರೆಶರ್ ಬೇಡ. ಹಿಂದೊಮ್ಮೆ ವಾಟರ್ ಸರ್ವಿಸ್‌ನವನೊಬ್ಬ ಗನ್ ಹಿಡಿದು ಒಂದು ಅಂಗೈಯಗಲ ಫಿನ್, ಅಂದರೆ ಟ್ಯೂಬುಗಳ ನಡುವಿನ ತೆಳು ತಗಡು, ಮಲಗಿಸಿದ್ದ, ಅದನ್ನು ಹೇರ್‌ಪಿನ್ ತಗೊಂಡು ಒಂದೊಂದೇ ಎಬ್ಬಿಸಿದೆ. ಖರ್ಚು ಸೊನ್ನೆ. ಸಿಗ್ನಲ್ ಕಾಟ ಮುಕ್ಕಾಲು ಪಾಲು ಹೋಯಿತು. ಏರಿನಲ್ಲಿ ಮಾತ್ರ ಅದೇ ಹಾಡು.

ಎರಡನೆಯದು ಬಾಟಲಿಯಲ್ಲಿ ಬರುವ ಫ್ಲಶ್, ರೇಡಿಯೇಟರ್ ಒಳಗೆ ತೊಳೆಯುವ ರೆಡಿಮೇಡ್ ದ್ರವ. ಸುರಿದು, ಹೀಟರ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ ಬಸಿದೆ. ಡಿಕಾಕ್ಷನ್ ತರಹ ತುಕ್ಕು ನೀರು ಬಂತು, ನೋಡಿ ಖುಷಿಯಾಯಿತು. ಅಳೆದರೆ 58 ಇದ್ದದ್ದು 62. ನಾನು ತಂದ ಬಾಟಲಿ ಕೊಳೆಗೆ ಸರಿ, ಚಿಪ್ಪಿಗೆ ಅಲ್ಲ. ಸುಮ್ನೆ ದುಡ್ಡು.

ಮೂರನೆಯದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ನಾಲ್ಕು ಲೀಟರ್ ಡಿಸ್ಟಿಲ್ಡ್ ನೀರಿಗೆ ನೂರು ಗ್ರಾಂ ಕರಗಿಸಿ ಹಾಕಿದೆ. ಮೇಲಿನ ಹೋಸ್ ಬಿಸಿಯಾದ ಮೇಲಷ್ಟೇ ಹೊತ್ತು ಲೆಕ್ಕ ಹಾಕಬೇಕು, ಥರ್ಮೋಸ್ಟಾಟ್ ತೆರೆಯದೆ ಹುಳಿ ರೇಡಿಯೇಟರ್‌ನಲ್ಲಿ ಸುತ್ತುವುದೇ ಇಲ್ಲ. ಇಪ್ಪತ್ತು ನಿಮಿಷ ಸಾಕು. ಅಲ್ಯೂಮಿನಿಯಂ ಜಾಸ್ತಿ ಹೊತ್ತು ಹುಳಿಯಲ್ಲಿ ನೆನೆಯಬಾರದು. ಪೂರ್ತಿ ಆರಿದ ಮೇಲೆ ಬಕೆಟ್‌ಗೆ ಬಸಿದಾಗ ತಳದಲ್ಲಿ ಬಿಳಿ ಕಾಳು. ಬೆರಳಲ್ಲಿ ಉಜ್ಜಿದರೆ ಥೇಟ್ ಬನ್ಸಿ ರವೆ. ನೀರು ತಿಳಿಯಾಗುವವರೆಗೆ ನಾಲ್ಕು ಸಲ ತೊಳೆದೆ. ಪಟ್ಟಿ 71ಕ್ಕೆ ಬಂತು. ಐವತ್ತು ರೂಪಾಯಿ ಪುಡಿಗೆ ಇದು ದೊಡ್ಡ ಮಾತೇ.

ಆದರೆ ವಾರದೊಳಗೆ ಪಾರ್ಕಿಂಗ್ ನೆಲದಲ್ಲಿ ಹಸಿರು ಹನಿ. ಕೆಳಗಿನ ಜೋಡಣೆಯಲ್ಲಿ ಲೀಕ್. ಇಷ್ಟು ದಿನ ಅದನ್ನು ಮುಚ್ಚಿದ್ದು ಆ ಚಿಪ್ಪೇ ಇರಬೇಕು! ಮೊದಲು ಮಾಡಿದ ಕೆಲಸ ನೆಲದ ಆ ಹನಿಯ ಮೇಲೆ ಒಂದು ಹಲಗೆ ಅಡ್ಡ ಇಟ್ಟದ್ದು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಬೀದಿ ನಾಯಿ ನೆಕ್ಕಿದರೆ ಕಿಡ್ನಿ ಹೋಗುತ್ತದೆ. ಬಸಿದದ್ದನ್ನೂ ಮೋರಿಗೆ ಚೆಲ್ಲಬೇಡಿ.

ಹಾಗೆ ಗಾಡಿ ಬಿಡಿಭಾಗಗಳ ಅಂಗಡಿ ಸಾಲಿರುವ ಜೆ.ಸಿ. ರೋಡಿಗೆ ಹೋದೆ, ರೇಡಿಯೇಟರ್ ಬಿಚ್ಚಿ ಟ್ಯೂಬಿನ ಕಟ್ಟು ಬಿಡಿಸಲು ರಾಡ್ ಹಾಕಿಸೋಣ ಅಂತ. ಅಲ್ಲಿನ ಹಿರಿಯ ಮೇಸ್ತ್ರಿ ನೋಡಿದ ತಕ್ಷಣ ತಲೆ ಆಡಿಸಿದರು. ಹಳೆ ಲಾರಿಗಳ ತಾಮ್ರ-ಹಿತ್ತಾಳೆ ರೇಡಿಯೇಟರ್ ಆದರೆ ಬೆಸುಗೆ ಬಿಡಿಸಿ, ಟ್ಯಾಂಕ್ ತೆಗೆದು, ಟ್ಯೂಬಿಗೆ ರಾಡ್ ತೂರಿಸಬಹುದು. ನನ್ನದು ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು, ನಡುವೆ ರಬ್ಬರು, ಸುತ್ತ ಮಡಚಿದ ಹಲ್ಲು. ‘ಬಿಚ್ಚೋದು ಬಿಚ್ತೀನಿ ಸಾರ್, ಮತ್ತೆ ಕೂರುತ್ತೆ ಅಂತ ಗ್ಯಾರಂಟಿ ಕೊಡಲ್ಲ’ ಅಂದರು. ಹೊಸದನ್ನೇ ತಗೊಂಡೆ. ಫಿಟ್ಟಿಂಗ್ ಸೇರಿ ನಾಲ್ಕು ಸಾವಿರ ಚಿಲ್ಲರೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ.

ಲೀಕ್ ಇಲ್ಲದ, ಇನ್ನೂ ಗಟ್ಟಿಮುಟ್ಟಾದ ರೇಡಿಯೇಟರ್ ಆದರೆ ನಾನು ಹೋಸ್ ಪೈಪು, ಆಮೇಲೆ ನಿಂಬೆ ಉಪ್ಪು, ಅಲ್ಲಿಗೇ ನಿಲ್ಲಿಸುತ್ತಿದ್ದೆ. ಹತ್ತು ವರ್ಷ ದಾಟಿದ ಪ್ಲಾಸ್ಟಿಕ್ ಟ್ಯಾಂಕಿನದಾದರೆ ಹೊರಗೆ ತೊಳೆದು ನೋಡಿ, ಸರಿಹೋಗದಿದ್ದರೆ ನೇರ ಹೊಸದು. ಬಾಟಲಿ ಎರಡಕ್ಕೂ ಬೇಡ.

ಮೊನ್ನೆ ಎಸಿ ಹಾಕಿಕೊಂಡೇ ನಂದಿಬೆಟ್ಟ ಹತ್ತಿದೆವು. ಮುಳ್ಳು ಅಲುಗಲಿಲ್ಲ. ಹಳೆಯದು ಬಾಲ್ಕನಿಯಲ್ಲೇ ಇತ್ತು, ಗುಜರಿಯವನಿಗೆ ಕೊಡುವಾಗ ಒಮ್ಮೆ ಅಲ್ಲಾಡಿಸಿದೆ. ಅಷ್ಟೆಲ್ಲ ತೊಳೆದ ಮೇಲೂ ಒಳಗೆ ಗಿಲಕಿ ತರಹ ಸದ್ದು.