ಪ್ಲೇಸ್ಟೇಷನ್ 5: ಕೊಂಡ ಕಾರಣ ಹೋಯಿತು, ಪೆಟ್ಟಿಗೆ ಉಳಿಯಿತು

2021ರಲ್ಲಿ ಸೋನಿಯ ಈ ಗೇಮ್ ಕನ್ಸೋಲ್ (ಪಿಎಸ್5) ತಂದಾಗ ನನ್ನ ತಲೆಯಲ್ಲಿದ್ದದ್ದು ಮೂರೇ ಗೇಮ್: ಡೀಮನ್ಸ್ ಸೋಲ್ಸ್, ರಿಟರ್ನಲ್, ರ‍್ಯಾಚೆಟ್ ಅಂಡ್ ಕ್ಲ್ಯಾಂಕ್. ಮೂರೂ ಆಗ ಬೇರೆಲ್ಲೂ ಸಿಗುತ್ತಿರಲಿಲ್ಲ. ಪಿಸಿ ಬಿಟ್ಟು ಬೇರೇನೂ ಮುಟ್ಟದ ನನ್ನ ತಮ್ಮನ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಜಂಬ ಇಳಿಯಿತು. ರಿಟರ್ನಲ್ 2023ರ ಫೆಬ್ರವರಿಯಲ್ಲಿ ಪಿಸಿಗೆ ಬಂತು, ರ‍್ಯಾಚೆಟ್ ಅದೇ ವರ್ಷ ಜುಲೈನಲ್ಲಿ. ತಮ್ಮ ಎರಡನ್ನೂ ಆಡಿ ಮುಗಿಸಿ ಫೋನ್ ಮಾಡಿದ: "ಅಣ್ಣಾ, ಬಗ್ ಎಲ್ಲಾ ನೀನು ಹುಡುಕಿಕೊಟ್ಟೆ, ನಾನು ಆರಾಮಾಗಿ ಆಡಿದೆ."

ಹಾಗಾದರೆ ಇದನ್ನು ಕೊಂಡದ್ದು ತಪ್ಪಾಯಿತೇ? ಐದು ವರ್ಷ ಆಡಿದ ಮೇಲೆ ನನ್ನ ಉತ್ತರ ಇಲ್ಲ ಅಂತಲೇ. ಆದರೆ ಆಗ ಯಾವ ಕಾರಣಕ್ಕೆ ಕೊಂಡೆನೋ ಆ ಕಾರಣ ಈಗಿಲ್ಲ.

ಮೊದಲು ಯಂತ್ರದ ಮಾತು. ಇದರ ಎಸ್‌ಎಸ್‌ಡಿ 825 ಜಿಬಿ ಅಂತ ಲೆಕ್ಕ, ಗೇಮ್ ತುಂಬಲು ಸಿಗುವುದು ಸುಮಾರು 667. ದೊಡ್ಡ ಗೇಮ್ ಐದಾರು ಹಾಕಿದರೆ ಮುಗಿಯಿತು, ಏಳನೆಯದಕ್ಕೆ ಒಂದನ್ನು ಅಳಿಸಬೇಕು. 2021ರ ಸೆಪ್ಟೆಂಬರ್ ಅಪ್‌ಡೇಟ್‌ನಿಂದ ಒಳಗೆ ಇನ್ನೊಂದು ಡ್ರೈವ್ ಹಾಕುವ ಎಂ.2 ಸ್ಲಾಟ್ ತೆರೆದುಕೊಂಡಿತು. ನಾನು ಒಂದು ವರ್ಷ ಒದ್ದಾಡಿ ಆಮೇಲೆ ಡ್ರೈವ್ ಹಾಕಿಸಿದೆ. ಮೊದಲ ವಾರವೇ ಹಾಕಿಸಬೇಕಿತ್ತು. ಲೋಡಿಂಗ್ ಬಗ್ಗೆ ಹೇಳುವುದೇನೂ ಇಲ್ಲ, ಕಾಯುವುದು ಹೇಗಿತ್ತು ಅನ್ನುವುದೇ ಮರೆತುಹೋಗಿದೆ. ಎರಡನೆಯ ಕಂಟ್ರೋಲರ್ ಅಂತ ಬೇರೊಂದು ಕಂಪನಿಯದು ತಂದೆ, ಹತ್ತು ತಿಂಗಳಿಗೆ ಅದರ ಸ್ಟಿಕ್ ತಾನಾಗಿ ಎಡಕ್ಕೆ ವಾಲತೊಡಗಿತು. ಹೆಸರು ಬೇಡ.

ಕನ್ಸೋಲ್ ಜೊತೆಗೆ ಬರುವ ಸೋನಿಯ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಮಾತ್ರ ಬೇರೆಯೇ ವಸ್ತು. ರಿಟರ್ನಲ್‌ನಲ್ಲಿ ಎಡ ಟ್ರಿಗರ್ ಅರ್ಧ ಒತ್ತಿದರೆ ಗುರಿ. ಅಲ್ಲಿ ಬೆರಳಿಗೆ ಒಂದು ತಡೆ ಸಿಗುತ್ತದೆ, ಅದನ್ನು ಮೀರಿ ಪೂರ್ತಿ ಒತ್ತಿದರೆ ಬಂದೂಕಿನ ಎರಡನೆಯ ಬಗೆಯ ಹೊಡೆತ. ಒಂದೇ ಗುಂಡಿಯಲ್ಲಿ ಎರಡು ಕೆಲಸ, ಕಣ್ಣು ಪರದೆ ಬಿಟ್ಟು ಕದಲಬೇಕಿಲ್ಲ. ಇಂಥ ಗೇಮ್ ಬೆರಳೆಣಿಕೆಯಷ್ಟೇ ಬಂದವು ಅನ್ನುವುದು ಬೇಸರ. ಕಾರಣ ಊಹಿಸುವುದು ಕಷ್ಟವಲ್ಲ. ಗಾಡ್ ಆಫ್ ವಾರ್ ರ‍್ಯಾಗ್ನರಾಕ್ 2022ರ ನವೆಂಬರ್‌ನಲ್ಲಿ ಬಂದಾಗಲೂ ಪಿಎಸ್4ಗೂ ಬಂತು. ಹಳೆಯ ಯಂತ್ರದಲ್ಲೂ ಓಡಬೇಕು, ನಾಳೆ ಪಿಸಿಯಲ್ಲೂ ಓಡಬೇಕು ಅಂದಮೇಲೆ ಈ ಪೆಟ್ಟಿಗೆಗೆಂದೇ ಗೇಮ್ ಕಟ್ಟುವವರು ಯಾರು?

ಇನ್ನು ಎಕ್ಸ್‌ಕ್ಲೂಸಿವ್ ವಿಚಾರ, ಅಂದರೆ ಒಂದೇ ಯಂತ್ರದಲ್ಲಿ ಮಾತ್ರ ಸಿಗುವ ಗೇಮ್‌ಗಳದ್ದು. ಹೊರೈಜನ್ ಝೀರೋ ಡಾನ್ 2017ರಲ್ಲಿ ಬಂದದ್ದು, ಪಿಸಿಗೆ ಹೋಗಲು 2020ರ ಆಗಸ್ಟ್ ಆಗಬೇಕಾಯಿತು. 2018ರ ಗಾಡ್ ಆಫ್ ವಾರ್‌ಗೆ ಹೆಚ್ಚುಕಮ್ಮಿ ನಾಲ್ಕು ವರ್ಷ. ಸ್ಪೈಡರ್‌ಮ್ಯಾನ್ 2 ಹದಿನೈದೇ ತಿಂಗಳಲ್ಲಿ ಹೋಯಿತು. ಹೆಲ್‌ಡೈವರ್ಸ್ 2 ಅಂತೂ 2024ರ ಫೆಬ್ರವರಿಯಲ್ಲಿ ಎರಡೂ ಕಡೆ ಒಂದೇ ದಿನ. ಅಂದರೆ ನಾನು ದುಡ್ಡು ಕೊಟ್ಟು ಕೊಂಡದ್ದು ಗೇಮನ್ನಲ್ಲ, ಸರದಿಯಲ್ಲಿ ಮುಂದಿನ ಜಾಗವನ್ನು. ಆ ಜಾಗಕ್ಕೂ ಬೆಲೆಯಿದೆ ಅನ್ನಿ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಗೆ ಬಂದ ಮೊದಲ ವಾರಗಳಲ್ಲಿ ಎಷ್ಟು ಮುಗ್ಗರಿಸಿತು ಅನ್ನುವುದನ್ನು ಆಡಿದವರು ಮರೆತಿಲ್ಲ.

ಈ ಎಕ್ಸ್‌ಕ್ಲೂಸಿವ್ ಗೋಡೆ ಕುಸಿದದ್ದು ಉದಾರತೆಯಿಂದಲ್ಲ, ಖರ್ಚಿನಿಂದ. 2023ರ ಜೂನ್‌ನಲ್ಲಿ ಆಕ್ಟಿವಿಷನ್ ಎಂಬ ಗೇಮ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಳ್ಳುವುದರ ವಿಚಾರಣೆ ಅಮೆರಿಕದ ಕೋರ್ಟಿನಲ್ಲಿ ನಡೆದಾಗ ಸೋನಿಯ ದಾಖಲೆಯೊಂದರಲ್ಲಿ ಅಂಕಿಗಳ ಮೇಲೆ ಬಳಿದ ಕಪ್ಪು ಮಸಿ ಸರಿಯಾಗಿ ಮುಚ್ಚಿರಲಿಲ್ಲ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2ಕ್ಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21 ಕೋಟಿ ಚಿಲ್ಲರೆ. ಅಷ್ಟು ಸುರಿದ ಮೇಲೆ ಒಂದೇ ಅಂಗಡಿಯಲ್ಲಿಟ್ಟು ಮಾರಿದರೆ ಗಿಟ್ಟುವುದು ಕಷ್ಟ. ಜೊತೆಗೆ ಯಂತ್ರಗಳೂ ಒಂದೇ ತರಹದವಾಗಿವೆ. ಪಿಎಸ್3ರ ಸೆಲ್ ಪ್ರೊಸೆಸರ್‌ಗೆ ಗೇಮ್ ಬರೆಯುವುದೇ ತಪಸ್ಸು, ಅದನ್ನು ಬೇರೆಡೆಗೆ ಒಯ್ಯುವುದು ಇನ್ನೊಂದು ತಪಸ್ಸು. ಈಗ ಪಿಎಸ್5 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎರಡರ ಹೊಟ್ಟೆಯಲ್ಲೂ ಎಎಂಡಿಯ ಝೆನ್ 2 ಪ್ರೊಸೆಸರ್, ಅದೇ ಮನೆತನದ ಗ್ರಾಫಿಕ್ಸ್. ದಾಯಾದಿಗಳು.

ಎದುರು ಮನೆಯಾದ ಮೈಕ್ರೋಸಾಫ್ಟ್‌ನಲ್ಲಿ ಆದದ್ದು ಇನ್ನೂ ದೊಡ್ಡದು. 6,870 ಕೋಟಿ ಡಾಲರ್‌ಗೆ ಆಕ್ಟಿವಿಷನ್ ಕೊಳ್ಳಲು ಹೊರಟ ಮೈಕ್ರೋಸಾಫ್ಟ್ ಇನ್ನು ಎಲ್ಲವನ್ನೂ ಬೀಗ ಹಾಕಿ ಇಟ್ಟುಕೊಳ್ಳುತ್ತದೆ ಅಂತ ನಾವೆಲ್ಲ ಹೆದರಿದ್ದೆವು. ಆದದ್ದು ಉಲ್ಟಾ. 2024ರ ಫೆಬ್ರವರಿಯಲ್ಲಿ ನಾಲ್ಕು ಗೇಮ್ ಬೇರೆಯವರ ಕನ್ಸೋಲ್‌ಗೂ ಬಿಡುತ್ತೇವೆ ಎಂದರು. ಮರುವರ್ಷ ಏಪ್ರಿಲ್‌ನಲ್ಲಿ ಫೋರ್ಝಾ ಹೊರೈಜನ್ 5 ನನ್ನ ಪಿಎಸ್5ನಲ್ಲೇ ಓಡುತ್ತಿತ್ತು. 2025ರ ಆಗಸ್ಟ್ 26ನ್ನಂತೂ ಮರೆಯಲಾರೆ: ಮೈಕ್ರೋಸಾಫ್ಟ್‌ನ ಗೇರ್ಸ್ ಆಫ್ ವಾರ್ ಪ್ಲೇಸ್ಟೇಷನ್‌ಗೆ ಬಂದ ದಿನವೇ ಸೋನಿಯ ಹೆಲ್‌ಡೈವರ್ಸ್ 2 ಎಕ್ಸ್‌ಬಾಕ್ಸ್‌ಗೆ ಹೋಯಿತು. ಎರಡು ಮನೆಯವರು ಕೊಟ್ಟು ತಂದ ಹಾಗೆ. ಎಕ್ಸ್‌ಬಾಕ್ಸ್‌ನ ಗುರುತೇ ಆಗಿದ್ದ ಹ್ಯಾಲೋ ಕೂಡ ಪಿಎಸ್5ಗೆ ಬರುತ್ತದೆ ಎಂಬ ಘೋಷಣೆ ಬಂದಾಗ ಹಳೆಯ ಗೆಳೆಯನೊಬ್ಬ ಒಂದೇ ಪದ ಕಳಿಸಿದ: "ಸೋನಿಕ್." 2001ರಲ್ಲಿ ಡ್ರೀಮ್‌ಕಾಸ್ಟ್ ನಿಲ್ಲಿಸಿ ಕನ್ಸೋಲ್ ಮಾಡುವುದನ್ನೇ ಕೈಬಿಟ್ಟ ಸೇಗಾ, ಅದೇ ವರ್ಷದ ಕೊನೆಗೆ ತನ್ನ ಮುಖವೇ ಆಗಿದ್ದ ಸೋನಿಕ್‌ನನ್ನು ನಿಂಟೆಂಡೋದ ಗೇಮ್‌ಕ್ಯೂಬ್‌ಗೆ ಕಳಿಸಿತ್ತು. ನಿಂಟೆಂಡೋ ಮಾತ್ರ ಇದ್ದಲ್ಲೇ ಇದೆ, ಮಾರಿಯೋ ಫೋನ್‌ಗೆ ಇಣುಕಿದ್ದು ಬಿಟ್ಟರೆ ಮಾರಿಯೋ, ಝೆಲ್ಡಾದ ದೊಡ್ಡ ಗೇಮ್‌ಗಳು ಅಂಗಳ ದಾಟಿಲ್ಲ.

ಫೋರ್ಝಾ ಹಾಕಿದಾಗ ಮೊದಲು ಎದುರಾದದ್ದು ಕಾರಲ್ಲ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗು ಎನ್ನುವ ಪರದೆ. ಆಗ ನಗು ಬಂತು, ಆಮೇಲೆ ಯೋಚನೆಗಿಟ್ಟುಕೊಂಡಿತು. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2ರ ಪಿಸಿ ಆಟಗಾರರು ಪ್ಲೇಸ್ಟೇಷನ್ ನೆಟ್‌ವರ್ಕ್ (ಪಿಎಸ್‌ಎನ್) ಅಕೌಂಟ್ ಜೋಡಿಸಲೇಬೇಕು ಎಂದು ಸೋನಿ ಹೇಳಿ, ಗಲಾಟೆಯಾಗಿ, ಕೆಲವೇ ದಿನದಲ್ಲಿ ಹಿಂದೆ ಸರಿದದ್ದೂ ಇದೇ ಜಾತಿಯದು. ಬೀಗ ಬಿಚ್ಚಿಲ್ಲ, ಜಾಗ ಬದಲಾಗಿದೆ. ಮೊದಲು ಗೇಮ್ ಒಳಗಿತ್ತು, ನಾವು ಹೊರಗೆ. ಈಗ ಗೇಮ್ ಊರೂರು ಅಲೆಯುತ್ತದೆ, ಒಳಗಿರುವವರು ನಾವು.

ನನ್ನದನ್ನೇ ನೋಡಿ. ಡಿಜಿಟಲ್ ಆಗಿ ಕೊಂಡ ಎಪ್ಪತ್ತಕ್ಕೂ ಹೆಚ್ಚು ಗೇಮ್ ಈ ಅಕೌಂಟಿನಲ್ಲಿವೆ. ಎಲ್ಲಿಯವರೆಗೆ ಆಡಿದ್ದೇವೆ ಅನ್ನುವುದು ದಾಖಲಾಗುವ ಪಿಎಸ್5 ಗೇಮಿನ ಸೇವ್ ಫೈಲನ್ನು ಯುಎಸ್‌ಬಿಗೆ ಹಾಕಿಕೊಳ್ಳಲು ಬರುವುದಿಲ್ಲ. ಕ್ಲೌಡಿಗೆ ಹಾಕಲು ಸೋನಿಯ ಪಿಎಸ್ ಪ್ಲಸ್ ಚಂದಾ ಬೇಕು. ಟ್ರೋಫಿ, ಗೆಳೆಯರ ಪಟ್ಟಿ, ಎಲ್ಲಾ ಇಲ್ಲೇ. ನಾಳೆ ಪಿಸಿಗೆ ಹೋಗುತ್ತೇನೆ ಅಂದರೆ ಅದೇ ಗೇಮ್‌ಗಳನ್ನು ಮತ್ತೆ ಕೊಂಡು ಹೆಚ್ಚಿನವನ್ನು ಮೊದಲ ಹಂತದಿಂದ ಆಡಬೇಕು. ಯಾವ ಎಕ್ಸ್‌ಕ್ಲೂಸಿವ್ ಗೇಮೂ ನನ್ನನ್ನು ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ನಡುವೆ ಆನ್‌ಲೈನ್ ಗೇಮೊಂದನ್ನು ಡೌನ್‌ಲೋಡ್ ಮಾಡಿ ಕೊಂಡಿದ್ದೆ, ಅದರ ಕಂಪನಿ ಸರ್ವರ್ ಮುಚ್ಚಿತು. ಐಕಾನ್ ಇನ್ನೂ ಇದೆ, ಒತ್ತಿದರೆ ಸಂಪರ್ಕವಿಲ್ಲ ಅನ್ನುತ್ತದೆ. ಅಳಿಸಲು ಮನಸ್ಸಿಲ್ಲ.

ಆದ್ದರಿಂದಲೇ ಡಿಸ್ಕ್ ಡ್ರೈವ್ ಇರುವ ಮಾದರಿ ತಂದದ್ದು ನಾನು ಮಾಡಿದ ಒಂದೇ ಬುದ್ಧಿವಂತಿಕೆ. ಪಿಎಸ್4ರ ಹಳೆಯ ಡಿಸ್ಕ್‌ಗಳೂ ಇದರಲ್ಲಿ ಓಡುತ್ತವೆ. ಆಡಿ ಮುಗಿದದ್ದನ್ನು ಗೆಳೆಯರಿಗೆ ಕೊಟ್ಟಿದ್ದೇನೆ, ಅವರದ್ದು ತಂದಿದ್ದೇನೆ. 2024ರ ಪಿಎಸ್5 ಪ್ರೊ ಡ್ರೈವ್ ಇಲ್ಲದೆಯೇ ಬಂತು, ಬೇಕಿದ್ದರೆ ಬೇರೆಯಾಗಿ ಕೊಂಡು ಸಿಕ್ಕಿಸಿಕೊಳ್ಳಬೇಕು. ನಿಂಟೆಂಡೋ ಸ್ವಿಚ್ 2ರಲ್ಲಿ ಕೆಲವು ಕಾರ್ಡುಗಳ ಒಳಗೆ ಗೇಮೇ ಇಲ್ಲ, ಡೌನ್‌ಲೋಡ್‌ಗೆ ಕೀಲಿ ಮಾತ್ರ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಕೊಳ್ಳಬೇಕೇ ಅಂತ ಕೇಳುವವರಿಗೆ: ಒಳ್ಳೆಯ ಪಿಸಿ ಇದ್ದು ಒಂದೆರಡು ವರ್ಷ ಕಾಯುವ ತಾಳ್ಮೆಯಿದ್ದರೆ ಎಕ್ಸ್‌ಕ್ಲೂಸಿವ್ ಆಸೆಗೆ ಇದನ್ನು ಕೊಳ್ಳಬೇಡಿ. ಕೆಲಸ ಮುಗಿಸಿ ಬಂದು ಡ್ರೈವರ್, ಸೆಟ್ಟಿಂಗ್ ಅಂತ ತಲೆಕೆಡಿಸಿಕೊಳ್ಳದೆ, ನಿನ್ನೆ ಬಿಟ್ಟ ಜಾಗದಿಂದಲೇ ಒಂದು ಗಂಟೆ ಆಡಿ ಮಲಗುವವರಾದರೆ ಕೊಳ್ಳಿ, ಡ್ರೈವ್ ಇರುವುದನ್ನೇ ಕೊಳ್ಳಿ. ನಾನು ಇದನ್ನು ಇನ್ನೂ ಇಟ್ಟುಕೊಂಡಿರುವುದು ಆ ಒಂದು ಗಂಟೆಗೇ.

ಮೊದಲು ಹೇಳಿದ ಆ ಮೂರು ಗೇಮ್‌ಗಳಲ್ಲಿ ಪಿಸಿಗೆ ಹೋಗದೆ ಉಳಿದದ್ದು ಡೀಮನ್ಸ್ ಸೋಲ್ಸ್ ಒಂದೇ. ತಮ್ಮ ಐದು ವರ್ಷದಿಂದ "ಬರುತ್ತೆ ಬಿಡು, ಕಾಯ್ತೀನಿ" ಅನ್ನುತ್ತಲೇ ಇದ್ದ. ಹೋದ ತಿಂಗಳು ಬಂದವನು ಸುಮ್ಮನೆ ಕಂಟ್ರೋಲರ್ ಕೈಗೆತ್ತಿಕೊಂಡು ರಾತ್ರಿಯಿಡೀ ಆಡಿ ಎರಡು ಬಾಸ್ ಶತ್ರುಗಳನ್ನು ಹೊಡೆದ. ಬೆಳಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಅಣ್ಣಾ, ಆ ಸೇವ್ ಅಳಿಸಬೇಡ."