ಮೊಡವೆ ಗುಳಿಗಳಿಗೆ ಮೈಕ್ರೋನೀಡ್ಲಿಂಗ್: ಚಿಕಿತ್ಸೆ ಮುಗಿದು ವರ್ಷ ಕಳೆದ ಮೇಲಿನ ಅಭಿಪ್ರಾಯ

ಮೊಡವೆ ಬಿಟ್ಟುಹೋದ ಗುಳಿಗಳು ತುಂಬಲೆಂದು ಚರ್ಮವನ್ನು ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಮಾಡಿಸಿಕೊಂಡ ಎರಡು-ಮೂರು ದಿನಗಳಲ್ಲಿ ಮುಖ ನುಣುಪಾಗಿ ಕಾಣುವುದನ್ನು ನೋಡಿ ಮೆಚ್ಚುಗೆ ಬರೆಯುವವರು ಬಹಳ. ಆದರೆ ಆ ನುಣುಪಿನ ಬಹುಪಾಲು ಸೂಜಿ ಚುಚ್ಚಿದ್ದರಿಂದ ಬಂದ ಊತವಷ್ಟೆ. ನಿಜವಾದ ಬದಲಾವಣೆಗೆ ಕಾರಣವಾಗುವ ಕೊಲ್ಯಾಜೆನ್ (ಚರ್ಮಕ್ಕೆ ಬಿಗುವು ಕೊಡುವ ಪ್ರೋಟೀನ್) ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯುವುದರಿಂದ, ಒಂದು ಸಿಟ್ಟಿಂಗ್‌ಗೂ ಮತ್ತೊಂದಕ್ಕೂ ನಡುವೆ ಸಾಮಾನ್ಯವಾಗಿ 4ರಿಂದ 6 ವಾರಗಳ ಅಂತರವಿಡುತ್ತಾರೆ.

ನಾನು ಬೆಂಗಳೂರಿನಲ್ಲಿ ಚರ್ಮವೈದ್ಯರ ಬಳಿ, ತುದಿಯಲ್ಲಿ ಸೂಜಿಗಳಿರುವ ಪೆನ್ನಿನಂಥ ಯಂತ್ರವಾದ ಡರ್ಮಾ ಪೆನ್‌ನಿಂದ ಮಾಡಿಸಿಕೊಂಡೆ. ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದ ಮೇಲೆ, ಕೆನ್ನೆಯ ಮೇಲೆ 1.5 ಮಿಲಿಮೀಟರ್ ಆಳಕ್ಕೆ ಸೂಜಿ ಇಳಿಸಿದಾಗ ನೋವಿಗಿಂತ ಗರಗರ ಸದ್ದೇ ಹೆಚ್ಚು ಹೆದರಿಸಿತು. ಹಣೆಯಲ್ಲಿ, ಮೂಳೆಯ ಮೇಲೆ ಚರ್ಮ ತೆಳುವಾಗಿರುವ ಕಡೆ, ಆಳ ಕಡಿಮೆ ಮಾಡಿದರೂ ಉರಿ ತಪ್ಪಲಿಲ್ಲ. ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆಗಳು ಮೂಡಿದ ಕೂಡಲೇ ಅವರು ಆ ಜಾಗ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು.

ಫಲಿತಾಂಶ ಎಲ್ಲ ಗುಳಿಗಳಿಗೂ ಒಂದೇ ಅಲ್ಲ. ಕೆನ್ನೆಯಲ್ಲಿದ್ದ ಅಗಲವಾದ, ಅಲೆಯಂತಹ ತಗ್ಗುಗಳು ಪಕ್ಕದಿಂದ ಬೆಳಕು ಬಿದ್ದಾಗಲೂ ಈಗ ಎದ್ದು ಕಾಣುವುದಿಲ್ಲ. ಮೂಗಿನ ಬದಿಯ ಕಿರಿದಾದ, ಆಳವಾದ ಗುಳಿಗಳು ಮಾತ್ರ ಇದ್ದ ಹಾಗೆಯೇ ಇವೆ. ಅಂಥವಕ್ಕೆ ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಮ್ಲವನ್ನು ಗುಳಿಯೊಳಗೇ ಮುಟ್ಟಿಸುವ ವಿಧಾನವೂ, ಒಳಗಿನಿಂದ ಎಳೆದು ಹಿಡಿದಿರುವ ಕಲೆಗಳಿಗೆ ಆ ಎಳೆಗಳನ್ನು ಚರ್ಮದಡಿ ಸೂಜಿಯಿಂದ ಕತ್ತರಿಸಿ ಬಿಡಿಸುವ ಸಬ್‌ಸಿಷನ್ನೂ ಹೆಚ್ಚು ಸೂಕ್ತವಾಗಿದ್ದು, ಈ ಭೇದವನ್ನು ಮೊದಲ ಭೇಟಿಯಲ್ಲೇ ತಿಳಿಸದೆ ಪ್ಯಾಕೇಜ್ ಮಾರುವವರನ್ನು ನಾನಂತೂ ನಂಬಲಾರೆ. ನಾನು ಮೊದಲು ವಿಚಾರಿಸಿದ ಒಂದು ಕ್ಲಿನಿಕ್‌ನಲ್ಲಿ ನನ್ನ ಮುಖವನ್ನು ಸರಿಯಾಗಿ ನೋಡುವ ಮೊದಲೇ ರಿಯಾಯಿತಿಯ ಮಾತು ಬಂದಿತ್ತು.

ನಮ್ಮಂಥ ಕಂದುಬಣ್ಣದ ಚರ್ಮಕ್ಕೆ ಇದರ ದೊಡ್ಡ ಅನುಕೂಲವೆಂದರೆ, ಮೇಲ್ಪದರವನ್ನು ಸುಟ್ಟು ತೆಗೆಯುವ ಲೇಸರ್‌ಗಳಿಗೆ ಹೋಲಿಸಿದರೆ ಕಪ್ಪುಕಲೆ ಉಳಿಯುವ ಅಪಾಯ ಕಡಿಮೆ. ಹಾಗೆಂದು ಬಿಸಿಲಿಗೆ ಮುಖವೊಡ್ಡುವಂತಿಲ್ಲ. ಸನ್‌ಸ್ಕ್ರೀನ್ ತಪ್ಪಿಸುವವರು ಈ ಚಿಕಿತ್ಸೆಗೆ ಕೈ ಹಾಕದಿರುವುದೇ ಮೇಲು. ಕೀವುಗಟ್ಟಿದ ಮೊಡವೆಗಳಿರುವಾಗ ಮಾಡಿಸಿದರೆ ಸೋಂಕು ಹರಡಬಹುದು. ಚುಚ್ಚಿದ ಚರ್ಮಕ್ಕೆ ವಿಟಮಿನ್ ಸಿ ಸೀರಮ್ ಹಚ್ಚಿ ಗಂಟುಗಳೆದ್ದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಯಲ್ಲೇ ವರದಿಯಾಗಿವೆ.

ಆನ್‌ಲೈನ್‌ನಲ್ಲಿ ಸಿಗುವ 0.25 ಮಿಲಿಮೀಟರ್‌ನ ಮನೆಬಳಕೆಯ ರೋಲರ್‌ನ ಸೂಜಿ ಗುಳಿಗಳನ್ನು ತುಂಬಿಸುವಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಉದ್ದ ಸೂಜಿಯದನ್ನು ಮನೆಯಲ್ಲಿ ಉಜ್ಜಿಕೊಳ್ಳುವುದು ಅಪಾಯಕಾರಿ. ಕ್ಲಿನಿಕ್‌ನಲ್ಲಾದರೂ ಹೊಸ ಸೂಜಿ ಕಾರ್ಟ್ರಿಜ್‌ನ ಪೊಟ್ಟಣವನ್ನು ನಿಮ್ಮೆದುರೇ ಒಡೆಯುವಂತೆ ಸಂಕೋಚವಿಲ್ಲದೆ ಕೇಳಿ.